ಮಾಕ್ ಡ್ರಾಫ್ಟಿಗೆ ಮೂವತ್ತು ಹೆಸರು ಸಾಲದು

ಜೂನ್ ತಿಂಗಳ ಕೊನೆಗೆ ನ್ಯೂಯಾರ್ಕಿನಲ್ಲಿ ಎನ್‌ಬಿಎ ಡ್ರಾಫ್ಟ್ ಶುರುವಾಗುವಾಗ ನಮ್ಮಲ್ಲಿ ಬೆಳಗಿನ ಐದೂವರೆ ಗಂಟೆ. ಅದಕ್ಕೂ ಒಂದೆರಡು ತಿಂಗಳ ಮೊದಲಿನಿಂದಲೇ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬರಹಗಾರರು ‘ಮಾಕ್ ಡ್ರಾಫ್ಟ್’ ಎಂಬ ಪಟ್ಟಿಗಳನ್ನು ಹೊರಡಿಸುತ್ತಿರುತ್ತಾರೆ. ಒಂದರಿಂದ ಮೂವತ್ತರವರೆಗೆ ಸಾಲುಗಳು, ಪ್ರತಿ ಸಾಲಿನಲ್ಲಿ ಒಂದು ತಂಡ, ತಂಡದ ಎದುರು ಒಬ್ಬ ಹುಡುಗನ ಹೆಸರು. ಐಪಿಎಲ್ ಹರಾಜು ನೋಡಿ ರೂಢಿಯಾದವರಿಗೆ ಒಂದು ವ್ಯತ್ಯಾಸ ಹೇಳಬೇಕು. ಇಲ್ಲಿ ದುಡ್ಡಿನ ಪೈಪೋಟಿ ಇಲ್ಲ, ಇರುವುದು ಸರದಿ ಮಾತ್ರ. ಸರದಿ ಬಂದ ತಂಡ ಒಬ್ಬನನ್ನು ಹೆಸರಿಸುತ್ತದೆ, ಉಳಿದವರು ನೋಡುತ್ತ ಕೂರಬೇಕು. ಹಾಗಾಗಿ ಯಾರು ಯಾರನ್ನು ಯಾವ ಸರದಿಯಲ್ಲಿ ಆರಿಸುತ್ತಾರೆಂದು ಊಹಿಸುವುದೇ ಒಂದು ವಿದ್ಯೆಯಾಗಿ ಬೆಳೆದಿದೆ. ಈ ವಿದ್ಯೆಯ ಬಗ್ಗೆ ನನಗೆ ಗೌರವವಿದೆ, ತಕರಾರಿರುವುದು ಅದು ತೊಟ್ಟಿರುವ ರೂಪದ ಬಗ್ಗೆ. ಒಬ್ಬ ಆಟಗಾರನಿಗೆ ಒಂದೇ ಅಂಕಿ ಕೊಟ್ಟು, ಮೊದಲ ಸುತ್ತು ಮುಗಿಯುವ ಮೂವತ್ತಕ್ಕೆ ಗೆರೆ ಎಳೆದು ನಿಲ್ಲಿಸುವ ಪಟ್ಟಿ ತನಗೆ ಗೊತ್ತಿರುವುದನ್ನೂ ಹೇಳುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ತೋರಿಸುತ್ತದೆ. ಪ್ರತಿ ಆಟಗಾರನೂ ಎಷ್ಟರಿಂದ ಎಷ್ಟರೊಳಗೆ ಹೋಗಬಹುದು ಎಂಬ ವ್ಯಾಪ್ತಿಯನ್ನು ಹೇಳಿ, ನಲವತ್ತರವರೆಗಾದರೂ ಬರೆದರೆ ಅದು ಓದಲು ಯೋಗ್ಯವಾದ ಭವಿಷ್ಯ.

ಮೊದಲು ಅದೃಷ್ಟದ ಪಾಲನ್ನು ಬದಿಗಿಡೋಣ. ಪ್ಲೇಆಫ್‌ಗೆ ಬಾರದ 14 ತಂಡಗಳ ನಡುವೆ ಮೇ ತಿಂಗಳಲ್ಲಿ ಲಾಟರಿ ನಡೆಯುತ್ತದೆ. ಯಂತ್ರದಲ್ಲಿ 14 ಪಿಂಗ್‌ಪಾಂಗ್ ಚೆಂಡುಗಳು, ಹೊರಬರುವುದು ನಾಲ್ಕು. 1001 ಜೋಡಣೆಗಳಲ್ಲಿ ಒಂದನ್ನು ಬಿಟ್ಟು ಉಳಿದ 1000 ತಂಡಗಳಿಗೆ ಹಂಚಿಕೆಯಾಗಿರುತ್ತವೆ. 2019ರಲ್ಲಿ ಬಂದ ನಿಯಮದಂತೆ ಅತಿ ಕೆಟ್ಟ ಮೂರು ತಂಡಗಳಿಗೆ ಮೊದಲ ಆಯ್ಕೆಯ ಅವಕಾಶ ತಲಾ ಶೇ 14. 2025ರಲ್ಲಿ ಶೇ 1.8ರ ಅವಕಾಶವಿದ್ದ ಡಲ್ಲಾಸ್‌ಗೆ ಮೊದಲ ಸರದಿ ಒಲಿಯಿತು. ಇಡೀ ಲೀಗಿನಲ್ಲೇ ಹೆಚ್ಚು ಸೋತಿದ್ದ ಯೂಟಾ ಐದಕ್ಕೆ ಜಾರಿತು. ಲಾಟರಿಗೆ ಮೊದಲೇ ತಂಡಗಳ ಹೆಸರು ಹಾಕಿ ಬರೆದ ಪಟ್ಟಿ ತಪ್ಪಿದರೆ ಬರೆದವರನ್ನು ದೂರುವುದರಲ್ಲಿ ಅರ್ಥವಿಲ್ಲ. ಭವಿಷ್ಯ ನುಡಿಯುವವರ ಪರೀಕ್ಷೆ ಆರಂಭವಾಗುವುದು ಲಾಟರಿಯ ಮರುದಿನದಿಂದ.

ಆ ಮರುದಿನದಿಂದಲೂ ಒಂದೇ ಅಂಕಿಯ ಪಟ್ಟಿ ಯಾಕೆ ಮುರಿದು ಬೀಳುತ್ತದೆ ಎನ್ನುವುದಕ್ಕೆ 2025ರ ಮೊದಲ ಸುತ್ತಿನ ನಡುಭಾಗವನ್ನೇ ನೋಡಬಹುದು. ಕೂಪರ್ ಫ್ಲ್ಯಾಗ್ ಮೊದಲಿಗ, ಡಿಲನ್ ಹಾರ್ಪರ್ ಎರಡನೆಯವನು. ಇಲ್ಲಿವರೆಗೆ ಯಾರಿಗೂ ಹೆಚ್ಚು ಅನುಮಾನವಿರಲಿಲ್ಲ. ಹನ್ನೊಂದನೆಯ ಸರದಿ ಪೋರ್ಟ್‌ಲ್ಯಾಂಡ್‌ನದು, ಹದಿನಾರನೆಯದು ಮೆಂಫಿಸ್‌ನದು. ಇಬ್ಬರೂ ಅದಲುಬದಲು ಮಾಡಿಕೊಂಡರು. ಐದು ಸ್ಥಾನ ಕೆಳಗಿಳಿಯುವುದಕ್ಕೆ ಪೋರ್ಟ್‌ಲ್ಯಾಂಡ್‌ಗೆ 2028ರ ಒಂದು ಮೊದಲ ಸುತ್ತಿನ ಆಯ್ಕೆ ಮತ್ತು ಎರಡು ಎರಡನೆಯ ಸುತ್ತಿನ ಆಯ್ಕೆಗಳು ಸಿಕ್ಕವು. ಹನ್ನೊಂದರಲ್ಲಿ ಮೆಂಫಿಸ್‌ಗೆ ಬೇಕಿದ್ದವನು ಸೆಡ್ರಿಕ್ ಕೌವರ್ಡ್. ಕಾಲೇಜು ಕ್ರೀಡೆಯ ಮೂರನೆಯ ದರ್ಜೆಯಿಂದ ಮೇಲೆದ್ದು ಬಂದ ಹುಡುಗ, ಭುಜದ ಗಾಯದಿಂದಾಗಿ ಆ ಇಡೀ ಋತುವಿನಲ್ಲಿ ಆಡಿದ್ದು ಆರೇ ಪಂದ್ಯ. ಹದಿನಾರರಲ್ಲಿ ಪೋರ್ಟ್‌ಲ್ಯಾಂಡ್ ತೆಗೆದುಕೊಂಡದ್ದು ಚೀನಾದ ಚಿಂಗ್‌ಡಾವ್ ತಂಡದ ಎತ್ತರದ ಸೆಂಟರ್ ಯಾಂಗ್ ಹ್ಯಾನ್ಸೆನ್‌ನನ್ನು. ಬಹುಪಾಲು ಪಟ್ಟಿಗಳಲ್ಲಿ ಅವನ ಹೆಸರಿದ್ದದ್ದು ಎರಡನೆಯ ಸುತ್ತಿನಲ್ಲಿ. ಇನ್ನೂ ಒಂದು ವಿಚಿತ್ರವಿದೆ. ಕಾಗದದ ಮೇಲೆ ಕೌವರ್ಡ್‌ನನ್ನು ಆರಿಸಿದ್ದು ಪೋರ್ಟ್‌ಲ್ಯಾಂಡ್, ಯಾಂಗ್‌ನನ್ನು ಆರಿಸಿದ್ದು ಮೆಂಫಿಸ್. ವಿನಿಮಯ ಆಮೇಲೆ ಅಧಿಕೃತವಾಗುವುದರಿಂದ, ಆಟಗಾರ ತಾನು ಎಂದೂ ಆಡದ ತಂಡದ ಟೋಪಿ ಹಾಕಿಕೊಂಡು ವೇದಿಕೆ ಹತ್ತುವುದು ಡ್ರಾಫ್ಟಿನಲ್ಲಿ ಮಾಮೂಲು. 2018ರಲ್ಲಿ ಲೂಕಾ ಡಾನ್‌ಚಿಚ್ ಅಟ್ಲಾಂಟಾದ ಟೋಪಿ ಧರಿಸಿ ನಿಂತ ಚಿತ್ರ ಈಗಲೂ ಓಡಾಡುತ್ತದೆ, ಅವನು ಹೋದದ್ದು ಡಲ್ಲಾಸ್‌ಗೆ. ಹೀಗಿರುವಾಗ ‘11. ಪೋರ್ಟ್‌ಲ್ಯಾಂಡ್’ ಎಂದು ಬರೆದು ಎದುರಿಗೆ ಒಂದು ಹೆಸರಿಡುವುದರಲ್ಲಿ ಏನು ಗಟ್ಟಿಯಿದೆ?

ಅದಕ್ಕಿಂತ ಮುಖ್ಯವಾದದ್ದು ಮುಂದಿನ ಸಾಲುಗಳ ಪಾಡು. ರೇಷನ್ ಅಂಗಡಿಯ ಸಾಲಿನ ಮಧ್ಯಕ್ಕೆ ಒಬ್ಬ ಬಂದು ನಿಂತರೆ ಅವನ ಹಿಂದಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು. ಯಾಂಗ್ ಹದಿನಾರಕ್ಕೆ ಬಂದಾಗ ಆದದ್ದೂ ಅದೇ. ಪಟ್ಟಿಯಲ್ಲಿ ಹದಿನಾರನೆಯವನಾಗಿದ್ದವನು ಹದಿನೇಳಕ್ಕೆ, ಹದಿನೇಳರವನು ಹದಿನೆಂಟಕ್ಕೆ, ಕೊನೆಗೆ ಮೂವತ್ತರಲ್ಲಿದ್ದವನು ಪಟ್ಟಿಯಿಂದಲೇ ಹೊರಕ್ಕೆ. ಬರೆದವರು ತಪ್ಪಿದ್ದು ಒಬ್ಬನ ವಿಷಯದಲ್ಲಿ, ಅಂಕ ಕಳೆದುಕೊಂಡದ್ದು ಹದಿನೈದು ಸಾಲುಗಳಲ್ಲಿ. ಆಟಗಾರರ ತೂಕವನ್ನು ಚೆನ್ನಾಗಿ ಬಲ್ಲವನೂ ಈ ಲೆಕ್ಕದಲ್ಲಿ ದಡ್ಡನಂತೆ ಕಾಣುತ್ತಾನೆ. ‘ಇವನು ಹದಿನೈದರಿಂದ ಇಪ್ಪತ್ತೆರಡರೊಳಗೆ’ ಎಂದು ಬರೆದಿದ್ದರೆ ಅದೇ ತಿಳಿವಳಿಕೆಗೆ ಸಲ್ಲಬೇಕಾದ ಮನ್ನಣೆ ಸಲ್ಲುತ್ತಿತ್ತು.

ಊಹೆ ಎಲ್ಲಿ ಕುರುಡಾಗುತ್ತದೆ ಎನ್ನುವುದಕ್ಕೂ ಒಂದು ಕ್ರಮವಿದೆ. ಆಟಗಾರನ ಆಟ ಎಲ್ಲರಿಗೂ ಕಾಣುತ್ತದೆ, ಮೈಯೊಳಗಿನದು ಕಾಣುವುದಿಲ್ಲ. ತಂಡಗಳ ವೈದ್ಯರು ಬರೆದ ವರದಿ ಪತ್ರಕರ್ತರ ಕೈಗೆ ಪೂರ್ತಿಯಾಗಿ ಸಿಗುವುದು ಅಪರೂಪ. ಶಾಲೆಯಲ್ಲಿದ್ದಾಗ ತನ್ನ ವಯಸ್ಸಿನ ಅತ್ಯುತ್ತಮರಲ್ಲಿ ಒಬ್ಬನೆನಿಸಿದ್ದ ಮೈಕಲ್ ಪೋರ್ಟರ್ ಜೂನಿಯರ್ ಬೆನ್ನಿನ ಶಸ್ತ್ರಚಿಕಿತ್ಸೆಯಿಂದಾಗಿ ಮಿಸೌರಿಯಲ್ಲಿ ಆಡಿದ್ದು ಮೂರು ಪಂದ್ಯ. 2018ರ ಡ್ರಾಫ್ಟಿನಲ್ಲಿ ಡೆನ್ವರ್ ಕೈಗೆ ಸಿಗುವ ಹೊತ್ತಿಗೆ ಅವನು ಹದಿನಾಲ್ಕಕ್ಕೆ ಇಳಿದಿದ್ದ. ಮರುವರ್ಷ ಕಾಲಿನ ಪೆಟ್ಟಿನೊಂದಿಗೆ ಬಂದ ಬೋಲ್ ಬೋಲ್ ಮೊದಲ ಸುತ್ತನ್ನೇ ದಾಟಿ ನಲವತ್ತನಾಲ್ಕಕ್ಕೆ ಹೋದ. 1984ರಲ್ಲಿ ಪೋರ್ಟ್‌ಲ್ಯಾಂಡ್ ಮೈಕಲ್ ಜೋರ್ಡನ್‌ನನ್ನು ಬಿಟ್ಟು ಎರಡನೆಯ ಆಯ್ಕೆಯಾಗಿ ಸ್ಯಾಮ್ ಬೋವಿಯನ್ನು ಹಿಡಿದ ಕಥೆ ಎಲ್ಲರಿಗೂ ಗೊತ್ತು. ಕಾಲಿನ ಮುರಿತದಿಂದ ಕೆಂಟಕಿಯಲ್ಲಿ ಎರಡು ಋತು ಕಳೆದುಕೊಂಡಿದ್ದ ಬೋವಿ, ಪರೀಕ್ಷಿಸಿದ ವೈದ್ಯರ ಮುಂದೆ ನೋವಿಲ್ಲ ಎಂದಿದ್ದನ್ನು ದಶಕಗಳ ನಂತರ ಸಾಕ್ಷ್ಯಚಿತ್ರವೊಂದರಲ್ಲಿ ತಾನೇ ಹೇಳಿಕೊಂಡ. ಆರಿಸುವ ತಂಡಕ್ಕೇ ಗೊತ್ತಾಗದ್ದು ಹೊರಗೆ ಕುಳಿತು ಬರೆಯುವವನಿಗೆ ಗೊತ್ತಾಗುವುದು ಹೇಗೆ? ವೈದ್ಯರ ನಂತರ ಬರುವವರು ಏಜೆಂಟರು. ಯಾವ ತಂಡದ ಮುಂದೆ ಹುಡುಗ ಅಭ್ಯಾಸ ತೋರಿಸಬೇಕು, ಯಾವುದರ ಮುಂದೆ ತೋರಿಸಬಾರದು ಎಂದು ನಿರ್ಧರಿಸುವವರು ಇವರು. ರಟ್ಗರ್ಸ್‌ನ ಏಸ್ ಬೇಲಿ 2025ರಲ್ಲಿ ಮೂರನೆಯ ಸರದಿಯಿದ್ದ ಫಿಲಡೆಲ್ಫಿಯಾದ ಅಭ್ಯಾಸವನ್ನು ರದ್ದು ಮಾಡಿದ ಎಂಬ ವರದಿ ಬಂದ ಕೂಡಲೇ ಪಟ್ಟಿಗಳೆಲ್ಲ ಅಲ್ಲಾಡಿದವು. ಫಿಲಡೆಲ್ಫಿಯಾ ವಿಜೆ ಎಜ್‌ಕೂಂಬ್‌ನನ್ನು ಆರಿಸಿತು, ಷಾರ್ಲಟ್ ಕಾನ್ ನಿಪಲ್‌ನನ್ನು. ಐದರಲ್ಲಿ ಬೇಲಿಯನ್ನು ಹಿಡಿದದ್ದು ಯೂಟಾ. ಬೇಲಿಗೆ ಮೂರರಿಂದ ಆರು ಎಂದು ವ್ಯಾಪ್ತಿ ಕೊಟ್ಟವನು ಗೆದ್ದ. ಒಂದೇ ಅಂಕಿಗೆ ಗಂಟುಬಿದ್ದವನು ಏಜೆಂಟರ ಪ್ರತಿ ಸುದ್ದಿಗೂ ಪಟ್ಟಿ ತಿದ್ದುತ್ತ ಕೂತ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಬಿಡಿಸಬೇಕು. ಮಾಕ್ ಡ್ರಾಫ್ಟ್ ಸರಿಯಾದರೆ ಬರೆದವನಿಗೆ ಬ್ಯಾಸ್ಕೆಟ್‌ಬಾಲ್ ಗೊತ್ತು, ತಪ್ಪಾದರೆ ಗೊತ್ತಿಲ್ಲ ಎಂದು ಓದುಗರು ಭಾವಿಸುತ್ತಾರೆ. 2013 ಈ ನಂಬಿಕೆಯನ್ನು ಎರಡೂ ಕಡೆಯಿಂದ ಒಡೆಯುತ್ತದೆ. ಆ ವರ್ಷ ಕ್ಲೀವ್‌ಲ್ಯಾಂಡ್ ಮೊದಲ ಆಯ್ಕೆಯಾಗಿ ಆಂಟನಿ ಬೆನೆಟ್ ಹೆಸರು ಹೇಳಿದಾಗ ಸಭಾಂಗಣವೇ ಬೆಚ್ಚಿತು, ಪಟ್ಟಿಗಳೆಲ್ಲ ಮೊದಲ ಸಾಲಿನಲ್ಲೇ ಸೋತವು. ಬೆನೆಟ್ ಲೀಗಿನಲ್ಲಿ ಉಳಿದದ್ದು ನಾಲ್ಕು ಋತು. ಅಂದರೆ ಆಟದ ಬಗ್ಗೆ ಸರಿಯಾಗಿ ಯೋಚಿಸಿದ್ದವರೇ ಭವಿಷ್ಯದಲ್ಲಿ ತಪ್ಪಿದರು. ಅದೇ ಡ್ರಾಫ್ಟಿನಲ್ಲಿ ಹದಿನೈದನೆಯವನಾಗಿ ಮಿಲ್ವಾಕಿಗೆ ಹೋದವನು ಗ್ರೀಸ್‌ನ ಯಾನಿಸ್ ಆಂಟೆಟೊಕೂಂಪೊ. ಅವನನ್ನು ಮೊದಲ ಸುತ್ತಿನ ನಡುವೆ ಇಟ್ಟವರ ಊಹೆ ಹೆಚ್ಚುಕಡಿಮೆ ನಿಜವಾಯಿತು. ಆದರೆ 2019 ಮತ್ತು 2020ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದವನ ಬೆಲೆ ಹದಿನೈದು ಎಂದು ಒಪ್ಪಿದ ಊಹೆ ಅದು. ತಂಡಗಳು ಮಾಡಿದ ತಪ್ಪನ್ನೇ ಮುಂಚಿತವಾಗಿ ಮಾಡಿದ್ದಕ್ಕೆ ಅದಕ್ಕೆ ಅಂಕ ಸಿಕ್ಕಿತು. ಯಾರು ಒಳ್ಳೆಯ ಆಟಗಾರ ಎನ್ನುವುದಕ್ಕೆ ‘ಬಿಗ್ ಬೋರ್ಡ್’ ಎಂಬ ಬೇರೆ ಪಟ್ಟಿಯೇ ಇದೆ. ಮಾಕ್ ಡ್ರಾಫ್ಟ್ ಅಂದಾಜು ಮಾಡುವುದು ಮೂವತ್ತು ತಂಡಗಳ ಕೋಣೆಗಳಲ್ಲಿ ಕುಳಿತಿರುವವರ ಮನಸ್ಸನ್ನು. ಒಂದು ಮನಸ್ಸನ್ನು ಖಚಿತವಾಗಿ ಓದಲಾಗದಿದ್ದರೂ ಮೂವತ್ತು ಮನಸ್ಸುಗಳ ಒಟ್ಟು ಒಲವನ್ನು ಓದಬಹುದು. ವ್ಯಾಪ್ತಿ ಹೇಳುವ ಭವಿಷ್ಯಕ್ಕೆ ಬಲ ಬರುವುದು ಅಲ್ಲಿಂದ.

ಇದಕ್ಕೆ 2022ಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಾಣುವುದಿಲ್ಲ. ಒರ್ಲ್ಯಾಂಡೊ ಮೊದಲಿಗೆ ಜಬಾರಿ ಸ್ಮಿತ್‌ನನ್ನು ತೆಗೆದುಕೊಳ್ಳುತ್ತದೆ ಎಂದು ವಾರಗಟ್ಟಲೆ ಹೇಳಲಾಗಿತ್ತು. ಕೊನೆಯ ಗಳಿಗೆಯಲ್ಲಿ ಬೆಟ್ಟಿಂಗ್ ದರಗಳು ಹಿಂದೆಮುಂದೆ ಹೊಯ್ದಾಡಿದವು, ಒರ್ಲ್ಯಾಂಡೊ ಪಾವ್ಲೊ ಬಂಕೆರೊನನ್ನು ಕರೆಯಿತು. ಚೆಟ್ ಹೋಮ್‌ಗ್ರೆನ್ ಎರಡನೆಯವನಾಗಿ ಒಕ್ಲಹೋಮಾಕ್ಕೆ, ಸ್ಮಿತ್ ಮೂರನೆಯವನಾಗಿ ಹ್ಯೂಸ್ಟನ್‌ಗೆ. ಅಂಕಿಯ ಲೆಕ್ಕದಲ್ಲಿ ಇದು ದೊಡ್ಡ ಸೋಲು. ಆದರೆ ಮೊದಲ ಮೂವರು ಈ ಮೂವರೇ ಎಂದು ತಿಂಗಳುಗಳ ಮೊದಲೇ ಬಹುತೇಕ ಎಲ್ಲರೂ ಬರೆದಿದ್ದರಲ್ಲವೆ? ಗೊತ್ತಿದ್ದದ್ದು ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಒಂದು, ಎರಡು, ಮೂರು ಎಂದು ವಿಂಗಡಿಸಲು ಹೋದದ್ದರಿಂದ ಆ ತಿಳಿವಳಿಕೆಯೇ ಮುಚ್ಚಿಹೋಯಿತು.

ಇನ್ನು ಮೂವತ್ತರ ಗೆರೆ. ಲೀಗಿನ ನಿಯಮದಲ್ಲಿ ಅದಕ್ಕಿರುವಷ್ಟು ತೂಕ ಬೇರೆ ಯಾವ ಗೆರೆಗೂ ಇಲ್ಲ. ಮೊದಲ ಸುತ್ತಿನಲ್ಲಿ ಆಯ್ಕೆಯಾದವನಿಗೆ ಸ್ಥಾನಕ್ಕೆ ತಕ್ಕಂತೆ ನಿಗದಿಯಾದ ಸಂಬಳವಿದೆ, ಅದರ ಶೇ 80ರಿಂದ 120ರೊಳಗೆ ಒಪ್ಪಂದವಾಗಬೇಕು. ಮೊದಲ ಎರಡು ವರ್ಷ ಖಾತ್ರಿ, ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ಮೂವತ್ತೊಂದನೆಯವನಿಗೆ ಇಂಥ ಖಾತ್ರಿ ಯಾವುದೂ ಇಲ್ಲ, ಅವನು ಚೌಕಾಸಿ ಮಾಡಿಕೊಳ್ಳಬೇಕು. 2015ರಲ್ಲಿ ಡಲ್ಲಾಸ್ 52ನೆಯವನಾಗಿ ಆರಿಸಿದ ಪಂಜಾಬಿನ ಸತ್ನಾಮ್ ಸಿಂಗ್, ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಭಾರತದಲ್ಲಿ ಹುಟ್ಟಿದ ಮೊದಲಿಗ. ಅವನಿಗೆ ಎನ್‌ಬಿಎಯ ಒಂದು ಪಂದ್ಯವೂ ದಕ್ಕಲಿಲ್ಲ. ಹುಡುಗನ ಬದುಕಿನ ಮಟ್ಟಿಗೆ ಹನ್ನೆರಡನೆಯ ಸ್ಥಾನಕ್ಕೂ ಹದಿನಾಲ್ಕಕ್ಕೂ ಇರುವ ಅಂತರಕ್ಕಿಂತ ಇಪ್ಪತ್ತೊಂಬತ್ತಕ್ಕೂ ಮೂವತ್ತೊಂದಕ್ಕೂ ಇರುವ ಅಂತರ ಹೆಚ್ಚು. ಆದರೂ ಪಟ್ಟಿಗಳು ಹನ್ನೆರಡರ ಬಗ್ಗೆ ಪುಟಗಟ್ಟಲೆ ಬರೆದು ಗೆರೆಯ ಹತ್ತಿರ ಬಂದಾಗ ಒಂದೊಂದು ವಾಕ್ಯದಲ್ಲಿ ಮುಗಿಸುತ್ತವೆ. 2024ರಲ್ಲಿ ಡ್ಯೂಕ್‌ನ ಕೈಲ್ ಫಿಲಿಪೌಸ್ಕಿ ಮೊದಲ ಸುತ್ತಿನಲ್ಲೇ ಹೋಗುತ್ತಾನೆಂದು ಪಟ್ಟಿಗಳು ಹೇಳಿದ್ದವು. ಡ್ರಾಫ್ಟನ್ನು ಎರಡು ದಿನಕ್ಕೆ ಹಂಚಿದ್ದ ಮೊದಲ ವರ್ಷ ಅದು. ಮೊದಲ ದಿನ ಅವನನ್ನು ಯಾರೂ ಕರೆಯಲಿಲ್ಲ, ಮರುದಿನ 32ನೆಯವನಾಗಿ ಯೂಟಾ ಸೇರಿದ. ಈ ಭಾಗದಲ್ಲಿ ಆಯ್ಕೆಗಳನ್ನು ನಿರ್ಧರಿಸುವ ಕಾರಣಗಳೂ ಬೇರೆ. ಸಂಬಳದ ಮೊತ್ತ ಮಿತಿ ಮೀರಿ ಲೀಗಿಗೆ ತೆರಿಗೆ ತೆರುವ ತಂಡಗಳಿಗೆ ಖಾತ್ರಿ ಒಪ್ಪಂದವೇ ಹೊರೆ. ಕೆಲವರು ಆಯ್ಕೆಯನ್ನು ಮಾರುತ್ತಾರೆ, ಕೆಲವರು ಒಂದೆರಡು ವರ್ಷ ಯುರೋಪಿನಲ್ಲೇ ಆಡಿಕೊಂಡಿರಬಲ್ಲವನನ್ನು ಹುಡುಕುತ್ತಾರೆ. ಗೆರೆಯ ಆಚೆಗೆ ಸಿಕ್ಕವರೇನೂ ಸಣ್ಣವರಲ್ಲ. ಡ್ರೇಮಂಡ್ ಗ್ರೀನ್ 35ನೆಯವನು, ಜೇಲನ್ ಬ್ರನ್ಸನ್ 33ನೆಯವನು, ನಿಕೊಲಾ ಯೋಕಿಚ್ 41ನೆಯವನು. ಇಪ್ಪತ್ತೈದರಿಂದ ನಲವತ್ತರ ಆಸುಪಾಸಿನವರೆಗಿನ ಪ್ರದೇಶ ಇಷ್ಟು ಫಲವತ್ತಾಗಿರುವಾಗ ಅದರ ನಡುವೆ ಬೇಲಿ ಹಾಕಿ ಅರ್ಧವನ್ನು ಮಾತ್ರ ಊಹಿಸುವುದು ಓದುಗನಿಗೆ ಮಾಡುವ ಅನ್ಯಾಯ.

ವ್ಯಾಪ್ತಿ ಹೇಳುವುದು ಜಾರಿಕೊಳ್ಳುವ ದಾರಿ, ‘ಒಂದರಿಂದ ಅರವತ್ತು’ ಎಂದರೆ ಯಾರೂ ತಪ್ಪುವುದಿಲ್ಲ ಎಂಬ ಆಕ್ಷೇಪ ಬರುತ್ತದೆ, ಅದು ಸರಿಯಾದ ಆಕ್ಷೇಪವೇ. ಉತ್ತರ ಅಂಕ ಕೊಡುವ ರೀತಿಯಲ್ಲಿದೆ. ವ್ಯಾಪ್ತಿ ಅಗಲವಾದಷ್ಟೂ ಅಂಕ ಕಡಿಮೆಯಾಗಬೇಕು, ಕಿರಿದಾಗಿದ್ದು ನಿಜವಾದರೆ ಹೆಚ್ಚಬೇಕು, ಹೊರಗೆ ಬಿದ್ದರೆ ಕಳೆಯಬೇಕು. ಫ್ಲ್ಯಾಗ್‌ನಂಥವನಿಗೆ ‘ಒಂದು’ ಎಂದಷ್ಟೇ ಬರೆಯುವ ಧೈರ್ಯ ಬೇಕು. ಯಾಂಗ್‌ನಂಥವನಿಗೆ ಬೇರೆ ಬಗೆಯ ಪ್ರಾಮಾಣಿಕತೆ ಬೇಕು. ಅವನು ಆಡಿದ್ದು ಅಮೆರಿಕದ ಕಾಲೇಜುಗಳಲ್ಲಲ್ಲ, ಚೀನಾದ ಲೀಗಿನಲ್ಲಿ. ಬಹುತೇಕರು ಅವನನ್ನು ಹತ್ತಿರದಿಂದ ನೋಡಿದ್ದು ಡ್ರಾಫ್ಟಿಗೆ ಮೊದಲು ಆಟಗಾರರನ್ನು ಪರೀಕ್ಷಿಸುವ ಶಿಬಿರವಾದ ಮೇ ತಿಂಗಳ ಶಿಕಾಗೊ ಕಂಬೈನ್‌ನಲ್ಲಿ. ಅಂಥವನಿಗೆ ‘ಮೂವತ್ತೈದು’ ಎಂಬ ಒಂಟಿ ಅಂಕಿ ಕೊಟ್ಟದ್ದೇ ತಪ್ಪು. ‘ಹದಿನೈದರಿಂದ ನಲವತ್ತೈದು, ಯಾಕೆಂದರೆ ಇವನನ್ನು ಒಂದೇ ಒಂದು ತಂಡ ಮೆಚ್ಚಿದರೂ ಸಾಕು’ ಎಂದು ಬರೆದಿದ್ದರೆ ಅಂಕ ಕಡಿಮೆ ಸಿಗುತ್ತಿತ್ತು, ಓದುಗನಿಗೆ ನಿಜ ಸಿಗುತ್ತಿತ್ತು.

ಡ್ರಾಫ್ಟಿನ ದಿನ ಬೆಳಿಗ್ಗೆ ಬರುವ ಪಟ್ಟಿಗಳು ಸಾಕಷ್ಟು ನಿಖರವಾಗಿರುತ್ತವಲ್ಲ, ಮತ್ತೇಕೆ ಈ ರಂಪ ಎನ್ನುವವರೂ ಇದ್ದಾರೆ. ನಿಖರವಾಗಿರುತ್ತವೆ, ನಿಜ. ಆ ಹೊತ್ತಿಗೆ ಏಜೆಂಟರು, ತಂಡದವರು ಫೋನಿನಲ್ಲಿ ಬಾಯಿಬಿಟ್ಟಿರುತ್ತಾರೆ. ಅದನ್ನು ಸಂಗ್ರಹಿಸುವುದು ಕಷ್ಟದ, ಮೆಚ್ಚಬೇಕಾದ ವರದಿಗಾರಿಕೆ, ಆದರೆ ಭವಿಷ್ಯವಲ್ಲ. 2020ರಲ್ಲಿ ಫ್ಲೋರಿಡಾ ಸ್ಟೇಟ್‌ನಲ್ಲಿ ಒಂದು ಪಂದ್ಯವನ್ನೂ ಮೊದಲ ಐವರಲ್ಲಿ ಆರಂಭಿಸದ ಪ್ಯಾಟ್ರಿಕ್ ವಿಲಿಯಮ್ಸ್‌ನನ್ನು ಶಿಕಾಗೊ ನಾಲ್ಕನೆಯವನಾಗಿ ಆರಿಸಿತು. ಅವನ ಹೆಸರು ಪಟ್ಟಿಗಳಲ್ಲಿ ಮೇಲೇರಿದ್ದು ಕೊನೆಯ ದಿನಗಳಲ್ಲಿ. ಅವನ ಎತ್ತರ, ವಯಸ್ಸು, ರಕ್ಷಣೆಯ ಆಟವನ್ನು ನೋಡಿ ತಿಂಗಳುಗಳ ಮೊದಲೇ ‘ಇವನ ವ್ಯಾಪ್ತಿ ಮೇಲ್ಮುಖವಾಗಿ ದೊಡ್ಡದು’ ಎಂದು ಬರೆದವನೊಬ್ಬನಿದ್ದರೆ ನನ್ನ ಮಟ್ಟಿಗೆ ಅವನೇ ಬಲ್ಲವನು.

ಮುಂದಿನ ಜೂನ್‌ನಲ್ಲಿ ಮಾಕ್ ಡ್ರಾಫ್ಟ್ ಓದುವವರಲ್ಲಿ ನನ್ನದೊಂದು ಕೋರಿಕೆ. ಲಾಟರಿಯ ವಾರ ಪ್ರಕಟವಾದ ಒಂದು ಪಟ್ಟಿಯನ್ನು ಎತ್ತಿಟ್ಟುಕೊಳ್ಳಿ, ಡ್ರಾಫ್ಟಿನ ಬೆಳಗಿನದನ್ನಲ್ಲ. ಮೂವತ್ತು ಹೆಸರುಗಳಲ್ಲಿ ಎಷ್ಟು ಮಂದಿ ನಿಜವಾಗಿ ಮೊದಲ ಸುತ್ತಿನಲ್ಲಿ ಹೋದರು ಎಂದು ಮೊದಲು ಎಣಿಸಿ. ಆಮೇಲೆ ಪ್ರತಿಯೊಬ್ಬನೂ ಹೇಳಿದ ಸ್ಥಾನಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಹೋದ ಎಂದು ತಾಳೆ ನೋಡಿ. ತಂಡದ ಹೆಸರು ಸರಿಹೊಂದಿತೇ ಎನ್ನುವುದನ್ನು ಕೊನೆಗೆ ಬಿಡಿ. ನೀವು ನಂಬಿಕೊಂಡು ಬಂದ ಬರಹಗಾರನ ತೂಕ ಎಷ್ಟೆಂದು ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.