ಗೋದಲಿಯ ಮೇಲೆ ಹತ್ತಿಯ ಹಿಮ

ಕರಾವಳಿಯ ಡಿಸೆಂಬರ್ ಎಂದರೆ ಬೆಳಗಿನ ಜಾವ ಒಂದು ತೆಳು ಹೊದಿಕೆ ಬೇಕೆನಿಸುವಷ್ಟು ಚಳಿ, ಅಷ್ಟೆ. ಆದರೂ ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಕಟ್ಟುವ ಗೋದಲಿಗಳ ಮೇಲೆ ಧಾರಾಳವಾಗಿ ಹಿಮ ಬಿದ್ದಿರುತ್ತದೆ. ಗುಡಿಸಲಿನ ಮಾಡಿಗೆ ಮೆಡಿಕಲ್ ಅಂಗಡಿಯ ಹತ್ತಿ, ಅಂಗಳಕ್ಕೆ ಥರ್ಮಾಕೋಲ್ ಪುಡಿ. ಮನೆಮಂದಿ ರಾತ್ರಿ ನಿದ್ದೆಗೆಟ್ಟು ಮಾಡಿದ್ದಲ್ಲವೇ ಎಂದು ನೋಡಿದವರೆಲ್ಲ ಹೊಗಳಿ ಹೋಗುತ್ತಾರೆ. ಕೈಯಾರೆ ಮಾಡಿದ್ದೆಂಬ ಒಂದೇ ಕಾರಣಕ್ಕೆ ಯಾವುದೂ ಚೆಂದವಾಗುವುದಿಲ್ಲ ಎಂದು ಯಾರಾದರೂ ಹೇಳಲೇಬೇಕು.

ಗೋದಲಿಯ ಮೂಲವನ್ನೇ ನೋಡಿ. ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ ಇರಿಸಿ, ಪಕ್ಕದಲ್ಲಿ ಜೀವಂತ ಎತ್ತನ್ನೂ ಕತ್ತೆಯನ್ನೂ ನಿಲ್ಲಿಸಿದರು. ಆ ಊರಲ್ಲಿ ಏನು ಸಿಕ್ಕಿತೋ ಅದೇ ಅಲಂಕಾರ. ಹದಿನೆಂಟನೆಯ ಶತಮಾನದ ನೇಪಲ್ಸ್ ನಗರದವರು ಇನ್ನೂ ಮುಂದೆ ಹೋದರು: ತಮ್ಮ ಬೀದಿಯ ಮೀನು ಮಾರುವವನು, ಹಣ್ಣಿನವಳು, ಹೋಟೆಲಿನವನು ಎಲ್ಲರನ್ನೂ ಬಾಲಯೇಸುವಿನ ಸುತ್ತ ತಂದು ನಿಲ್ಲಿಸಿದರು. ಅಂದರೆ ಗೋದಲಿ ಯಾವ ಊರಿಗೆ ಹೋದರೂ ಆ ಊರಿನದ್ದಾಗುವ ಕಲೆ. ಹಿಮದ ಮಾತು ಮತ್ತಾಯನ ಸುವಾರ್ತೆಯ ಜನನದ ಕಥೆಯಲ್ಲೂ ಇಲ್ಲ, ಲೂಕನದರಲ್ಲೂ ಇಲ್ಲ. ಬೆತ್ಲೆಹೇಮಿನಲ್ಲಿ ಹಿಮ ಬೀಳುವುದೇ ಅಪರೂಪ. ನಮಗೆ ಅದು ಬಂದದ್ದು ಯುರೋಪಿನ ಶುಭಾಶಯ ಪತ್ರಗಳಿಂದ.

ಇಲ್ಲಿ ಸಾಮಗ್ರಿಗೇನು ಬರಗಾಲವೇ? ಏಣೇಲು ಕೊಯ್ಲು ಮುಗಿದು ಹೊಸ ಬೈಹುಲ್ಲು ಮನೆಗೆ ಬಂದಿರುತ್ತದೆ, ಗುಡ್ಡದಲ್ಲಿ ಮುಳಿಹುಲ್ಲು ಒಣಗಿ ನಿಂತಿರುತ್ತದೆ. ಅಡಿಕೆ ದಬ್ಬೆಯನ್ನು ತೆಳ್ಳಗೆ ಸೀಳಿದರೆ ಗುಡಿಸಲಿನ ಹಂದರ ಸಿದ್ಧ. ಸಿಮೆಂಟ್ ಚೀಲದ ಕಾಗದವನ್ನು ಮೈದಾ ಅಂಟಿನಲ್ಲಿ ಅದ್ದಿ, ಮುದ್ದೆ ಮಾಡಿ ಬಿಡಿಸಿ, ಮೇಲೆ ಕೆಮ್ಮಣ್ಣಿನ ನೀರು ಎರಚಿದರೆ ನಮ್ಮ ಮುರಕಲ್ಲಿನ ಗುಡ್ಡವೇ ಎದ್ದು ನಿಲ್ಲುತ್ತದೆ. ಇದಕ್ಕೆಲ್ಲ ಜೀವ ತುಂಬುವುದು ಮಾತ್ರ ಪೈರು. ಭತ್ತವನ್ನು ಒಂದು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಮೂತಿ ತೋರಿಸಿದ ಮೇಲೆ ತೆಂಗಿನ ಗೆರಟೆಯಲ್ಲೋ ಹಳೆಯ ಡಬ್ಬದ ಮುಚ್ಚಳದಲ್ಲೋ ಮಣ್ಣು ಹರಡಿ ಬಿತ್ತುತ್ತಾರೆ. ತೀರಾ ನೆರಳಿಗಿಟ್ಟರೆ ಬಿಳಿಚಿ ಉದ್ದುದ್ದ ಬೆಳೆದು ಅಡ್ಡ ಬೀಳುತ್ತದೆ. ಬಿಸಿಲು ತೋರಿಸುತ್ತಿದ್ದರೆ ಗಿಡ್ಡವಾಗಿ, ದಟ್ಟ ಹಸಿರಾಗಿ ನಿಲ್ಲುತ್ತದೆ. 24ರ ರಾತ್ರಿ ಬಾಲಯೇಸುವಿನ ಪ್ರತಿಮೆ ಇಡುವ ಹೊತ್ತಿಗೆ ನಾಲ್ಕು ಬೆರಳೆತ್ತರದ ಗದ್ದೆ ತಯಾರಿರಬೇಕು. ದಿನ ಲೆಕ್ಕ ಹಾಕಿ ಬಿತ್ತುವ ಈ ಕುಶಲತೆಯನ್ನು ಪ್ಲಾಸ್ಟಿಕ್ ಹುಲ್ಲಿನ ಚಾಪೆ ಒಂದೇ ಏಟಿಗೆ ತೊಡೆದುಹಾಕಿದೆ.

ನಕ್ಷತ್ರದ ಕಥೆ ಅಷ್ಟು ಬೇಸರದ್ದಲ್ಲ. ಬಿದಿರುಕಡ್ಡಿಯ ಐದು ಮೊನೆಯ ಎರಡು ನಕ್ಷತ್ರಗಳನ್ನು ತುದಿಗೆ ತುದಿ ಕಟ್ಟಿ, ಒಳಮೂಲೆಗಳಲ್ಲಿ ಗಿಡ್ಡ ಕಡ್ಡಿ ಸಿಕ್ಕಿಸಿ ಹೊಟ್ಟೆ ಉಬ್ಬಿಸಿ, ಬಣ್ಣದ ಕಾಗದ ಅಂಟಿಸುವ ಹುಡುಗರು ಈಗಲೂ ಇದ್ದಾರೆ. ದೀಪಾವಳಿಗೆ ಗೂಡುದೀಪ ಕಟ್ಟುವ ಊರಿನಲ್ಲಿ ಈ ಕೈಚಳಕ ಬೇಗ ಸಾಯದು. ಎರಡಕ್ಕೂ ಅದೇ ಬಿದಿರು, ಅದೇ ಕಾಗದ, ಅದೇ ಗೋಂದು.

ನನ್ನ ತಕರಾರು ಸ್ಪರ್ಧೆಗಳ ಮೇಲೂ ಇದೆ. ಗೋದಲಿ ಸ್ಪರ್ಧೆಗಳು ಮಕ್ಕಳನ್ನು ಮೊಬೈಲಿನಿಂದ ಎಬ್ಬಿಸಿ ಕೂರಿಸಿದ್ದು ನಿಜ. ಆದರೆ ಪಂಪು ಹಾಕಿದ ಜಲಪಾತ, ತಿರುಗುವ ಗಾಳಿಯಂತ್ರ, ಮಿಣುಗುವ ದೀಪಗಳ ಸಾಲು ಇದ್ದಲ್ಲಿಗೇ ಬಹುಮಾನ ಹೋಗುವುದಾದರೆ, ಸಂತೆಯಲ್ಲಿ ಕಳೆದುಹೋದ ಮಗುವಿನಂತೆ ಬಾಲಯೇಸುವನ್ನು ಹುಡುಕಬೇಕಾಗುತ್ತದೆ. ಅಲಂಕಾರದ ಥರ್ಮಾಕೋಲಿಗೆ 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಿದೆ. ತೀರ್ಪುಗಾರರು ಅದನ್ನಾದರೂ ಗಮನಿಸಿ ಅಂಕ ಕಡಿಯಬಹುದಿತ್ತು.

ಮೇರಿ, ಜೋಸೆಫ್, ಕುರುಬರ ಬೊಂಬೆಗಳನ್ನು ಅಂಗಡಿಯಿಂದ ತರುವುದಕ್ಕೆ ನನ್ನ ಆಕ್ಷೇಪವಿಲ್ಲ. ಅಜ್ಜಿಯ ಕಾಲದ ಬಣ್ಣ ಹೋದ ಬೊಂಬೆಗಳಿದ್ದರಂತೂ ಇನ್ನೂ ಒಳ್ಳೆಯದು. ಅವರ ಸುತ್ತಲಿನ ಊರನ್ನು ಮಾತ್ರ ನಾವೇ ಕಟ್ಟಬೇಕು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಇಡೀ ಕರಾವಳಿಯ ಮಾಡು ಕೆಂಪಾಯಿತು. ಆ ಕೆಂಪು ಹೆಂಚಿನ ಒಂದು ಮನೆ, ಬುಟ್ಟಿ ಹೊತ್ತ ಮೀನಿನವಳು ಒಬ್ಬಳು ಗೋದಲಿಯ ಮೂಲೆಯಲ್ಲಿ ಇದ್ದರೆ ಯಾವ ಪಾದ್ರಿಯೂ ಬೇಡ ಎನ್ನಲಾರರು. ಮಕ್ಕಳಿಗೆ ಹಿಮ ಇಷ್ಟ ಎನ್ನುವವರಿಗೆ ಒಂದು ಮಾತು: ತಾವೇ ನೀರೆರೆದ ಪೈರು ಮೊಳೆತ ದಿನ ಅದೇ ಮಕ್ಕಳ ಮುಖ ನೋಡಿ. ಈ ಸಲ ಹತ್ತಿಯ ಸುರುಳಿ ಅಂಗಡಿಯಲ್ಲೇ ಇರಲಿ, ಡಿಸೆಂಬರ್ 10ರ ಸುಮಾರಿಗೆ ಎರಡು ಹಿಡಿ ಭತ್ತ ನೆನೆಹಾಕಿ.