ಹಿರಿಯರ ಎಡೆ ಮತ್ತು ಪರಿಶುದ್ಧರ ಅನ್ಯೋನ್ಯತೆ: ಎಂಬಿಟಿಯವರ ಗ್ರಂಥದ ವಿಮರ್ಶೆ

ಕೀನ್ಯಾ ದೇಶದ ಆಂಗ್ಲಿಕನ್ ಯಾಜಕರೂ ದೈವಶಾಸ್ತ್ರಜ್ಞರೂ ಆಗಿದ್ದ ಜಾನ್ ಎಂಬಿಟಿಯವರ (1931–2019) 'ಆಫ್ರಿಕನ್ ರಿಲಿಜನ್ಸ್ ಆಂಡ್ ಫಿಲಾಸಫಿ' ಗ್ರಂಥವು 1969ರಲ್ಲಿ ಪ್ರಕಟವಾಯಿತು. ಇದು ನಮಗೆ ದೂರದ ವಿಷಯವಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿಯೂ ನೆರೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲೂಕುಗಳಲ್ಲಿಯೂ ಆಫ್ರಿಕ ಮೂಲದ ಸಿದ್ದಿ ಜನರು ನೆಲೆಸಿದ್ದಾರೆ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 'ಹಿರಿಯರು' ಎಂದು ಕರೆಯಲ್ಪಡುವ ಪೂರ್ವಜರ ಆರಾಧನೆ ಅವರ ಧಾರ್ಮಿಕ ಜೀವನದಲ್ಲಿ ಬಹುಮುಖ್ಯವಾದುದು. ದೀಕ್ಷಾಸ್ನಾನ ಹೊಂದಿದ ಕುಟುಂಬವು ತನ್ನ ಹಿರಿಯರಿಗೆ ಎಡೆ ಇಡಬಹುದೇ ಎಂಬ ಪ್ರಶ್ನೆಗೆ ಸಭಾಪಾಲಕನು ಉತ್ತರಿಸಬೇಕಾಗುತ್ತದೆ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನಾವು ಈ ಗ್ರಂಥವನ್ನು ಓದುತ್ತೇವೆ.

ಎಂಬಿಟಿಯವರು ಮಾಡಿರುವ ಉಪಕಾರ ದೊಡ್ಡದು. ಮಿಷನರಿಗಳು 'ಪೂರ್ವಜರ ಪೂಜೆ' ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದನ್ನು ಅವರು ಒಪ್ಪಲಿಲ್ಲ. ಮೃತರನ್ನು ಹೆಸರು ಹಿಡಿದು ಸ್ಮರಿಸುವವರು ಬದುಕಿರುವ ತನಕ, ಅಂದರೆ ಸುಮಾರು ನಾಲ್ಕೈದು ತಲೆಮಾರುಗಳವರೆಗೆ, ಅವರು 'ಜೀವಂತ ಮೃತರು'; ಅವರಿಗಿಡುವ ಅನ್ನಪಾನಗಳು ಬಾಂಧವ್ಯದ ಕುರುಹುಗಳು ಎಂದು ವಿವರಿಸಿದರು. ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಆಜ್ಞೆಯನ್ನು ಬೋಧಿಸುವ ನಾವು ಈ ವಿವೇಚನೆಯನ್ನು ಅಲಕ್ಷಿಸಲಾಗದು.

ಆದರೆ ಗ್ರಂಥದ ತಳಹದಿಯಾದ ಕಾಲಸಿದ್ಧಾಂತ ದುರ್ಬಲವಾಗಿದೆ. ಸ್ವಾಹಿಲಿಯ 'ಸಾಸಾ' ಎಂಬುದು ಸಮೀಪದ ಕಾಲ, 'ಜಮಾನಿ' ಎಂಬುದು ಎಲ್ಲವೂ ಕೊನೆಗೆ ಸೇರುವ ಗತಕಾಲ. ದೂರದ ಭವಿಷ್ಯವೆಂಬುದು ಆಫ್ರಿಕನ್ ಚಿಂತನೆಯಲ್ಲಿ ಇಲ್ಲವೆಂಬಷ್ಟು ಕಡಿಮೆ ಎಂಬುದು ಅವರ ವಾದ. ಪೂರ್ವ ಆಫ್ರಿಕದ ಕೆಲವು ಭಾಷೆಗಳ ಕ್ರಿಯಾರೂಪಗಳಿಂದ ಇಡೀ ಖಂಡದ ಮನಸ್ಸನ್ನು ನಿರ್ಣಯಿಸುವುದು ಸರಿಯಲ್ಲ. 'ಜಮಾನಿ' ಎಂಬ ಪದವಾದರೂ ಅರಬ್ಬೀ ಮೂಲದ್ದು. ನಮ್ಮ 'ಜಮಾನ'ವೂ ಅದೇ ಮೂಲದಿಂದ ಬಂದುದು. ಆಫ್ರಿಕದ ದೇವತೆಗಳಿಗೆ ಗ್ರೀಕ್ ತತ್ತ್ವಶಾಸ್ತ್ರದ ಉಡುಪು ತೊಡಿಸಲಾಗುತ್ತಿದೆ ಎಂದು ಉಗಾಂಡದ ಒಕೊಟ್ ಪಿ'ಬಿಟೆಕ್ ಆಕ್ಷೇಪಿಸಿದ್ದು ಎಂಬಿಟಿಯವರಿಗೂ ಸಲ್ಲುತ್ತದೆ.

ಈ ಸಾಮಾನ್ಯೀಕರಣದಿಂದ ನಮಗೊಂದು ಅಪಾಯವಿದೆ. ಗ್ರಂಥವನ್ನು ಓದಿ ಸಿದ್ದಿಗಳ ಬಳಿಗೆ ಹೋಗುವವನು ಎಡೆಯಲ್ಲಿ ಆಫ್ರಿಕವನ್ನಷ್ಟೇ ಕಂಡಾನು. ಪೋರ್ಚುಗೀಸರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅಲ್ಲಿ ಕನ್ನಡ, ಕೊಂಕಣಿ, ಮರಾಠಿ ನೆರೆಹೊರೆಯವರೊಡನೆ ಶತಮಾನಗಳ ಕಾಲ ಬಾಳಿದರು. ಅವರ ಪೂರ್ವಜರಿಗಿರುವ 'ಹಿರಿಯರು' ಎಂಬ ಹೆಸರೇ ಕನ್ನಡದ್ದು. ತುಕ್ಕಾನಟ್ಟಿಯಂಥ ಬಯಲುಸೀಮೆಯ ಊರುಗಳಲ್ಲಿಯೂ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುತ್ತಾರೆ. ಘಾನಾ ಮೂಲದ ಪ್ಯಾಶಿಂಗ್ಟನ್ ಒಬೆಂಗ್ ಅವರು 2007ರ ತಮ್ಮ ಗ್ರಂಥದಲ್ಲಿ ಸಿದ್ದಿಗಳನ್ನು 'ಆಫ್ರಿಕನ್ ಭಾರತೀಯರು' ಎಂದು ಕರೆದು ಎರಡು ನೆಲಗಳನ್ನೂ ಹೆಸರಿಸಿದ್ದು ಉಚಿತವಾಗಿದೆ.

ಇನ್ನೊಂದು ಕೊರತೆ ಹೆಚ್ಚು ಗಂಭೀರವಾದುದು. ಎಂಬಿಟಿಯವರು ಬಾಂಧವ್ಯಕ್ಕೆ ಒತ್ತು ಕೊಟ್ಟಷ್ಟು ಭಯಕ್ಕೆ ಕೊಡಲಿಲ್ಲ. ಎಡೆ ತಪ್ಪಿದ್ದರಿಂದಲೇ ಮಗುವಿಗೆ ಜ್ವರ ಬಂದಿತೆಂದು ನಡುಗುವ ತಾಯಿಗೆ 'ಇದು ಪೂಜೆಯಲ್ಲ, ಸ್ಮರಣೆ' ಎಂಬ ಸಮಾಧಾನ ಸಾಲದು. ಧರ್ಮೋಪದೇಶಕಾಂಡ 18ನೆಯ ಅಧ್ಯಾಯವು ಸತ್ತವರನ್ನು ವಿಚಾರಿಸುವುದನ್ನು ನಿಷೇಧಿಸುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯವು ನಮ್ಮನ್ನು ಸುತ್ತುವರಿದ ಸಾಕ್ಷಿಗಳ ಸಮೂಹವನ್ನು ನೆನಪಿಸುತ್ತದೆ. ಇವೆರಡನ್ನೂ ಒಟ್ಟಿಗೆ ಹಿಡಿಯುವುದೇ ಸಭೆಯ ಕರ್ತವ್ಯ.

ಚೀನೀ ಪೂರ್ವಜರ ವಿಧಿಗಳನ್ನು ರೋಮಿನ ಸಭೆಯು 1742ರಲ್ಲಿ ಖಂಡತುಂಡವಾಗಿ ನಿಷೇಧಿಸಿ 1939ರಲ್ಲಿ ಬಹುಮಟ್ಟಿಗೆ ಅನುಮತಿಸಿತು. ಆ ನಡುವಿನ ಸುಮಾರು ಎರಡು ಶತಮಾನಗಳಲ್ಲಿ ಎಷ್ಟೋ ಮಂದಿ ತಂದೆತಾಯಿ ಮತ್ತು ಕ್ರಿಸ್ತನ ನಡುವೆ ಒಬ್ಬರನ್ನು ಆರಿಸಿಕೊಳ್ಳಬೇಕಾಯಿತು. ಆ ಭಾರವನ್ನು ಸಿದ್ದಿ ಸಹೋದರರ ಮೇಲೆ ಹೊರಿಸುವುದಕ್ಕೆ ಮೊದಲು ನಾವು ಅವರ ಮನೆಯಲ್ಲಿ ಕುಳಿತು, ಈ ಎಡೆ ಪ್ರೀತಿಯಿಂದ ಇಟ್ಟದ್ದೋ ಭಯದಿಂದ ಇಟ್ಟದ್ದೋ ಎಂದು ಕೇಳಬೇಕು. ಪ್ರೀತಿಯಿಂದ ಇಟ್ಟದ್ದಾದರೆ, ಪರಿಶುದ್ಧರ ಅನ್ಯೋನ್ಯತೆಯನ್ನು ನಂಬುತ್ತೇವೆಂದು ವಿಶ್ವಾಸಪ್ರಮಾಣದಲ್ಲಿ ಅರಿಕೆಮಾಡುವ ಸಭೆಯು ಆ ಮೃತರನ್ನು ತನ್ನ ಪ್ರಾರ್ಥನೆಯಲ್ಲಿ ಹೆಸರಿಸಿ ಸ್ಮರಿಸಲಿ. ಭಯದಿಂದಾದರೆ, ಮರಣವನ್ನು ಜಯಿಸಿದಾತನ ಸುವಾರ್ತೆಯನ್ನು ಅಲ್ಲಿಯೇ ಸಾರಬೇಕು. ಎಂಬಿಟಿಯವರ ಗ್ರಂಥವು ನಮ್ಮನ್ನು ಆ ಮನೆಯ ಬಾಗಿಲವರೆಗೆ ಗೌರವದಿಂದ ಕರೆದೊಯ್ಯುತ್ತದೆ. ಒಳಗಿನ ಮಾತುಕತೆಯನ್ನು ನಾವೇ ನಡೆಸಬೇಕು.