ಗ್ರಾಫಿಕ್ಸ್ ನಾಗಿಣಿಯ ಗದ್ಯ

ಧಾರಾವಾಹಿ ನೋಡಿ ಮನಸೋತವರು ತಾವೇ ಬರೆದು ತಾವೇ ಪ್ರಕಟಿಸುವ ನಾಗಿಣಿ ಕಾದಂಬರಿಗಳ ಬಗ್ಗೆ ಎರಡು ಬಗೆಯ ತೀರ್ಪುಗಳು ಚಾಲ್ತಿಯಲ್ಲಿವೆ. ಕದ್ದ ಮಾಲು, ಓದುವುದೇ ದಂಡ ಎಂಬುದು ಒಂದು. ಇದೇ ನಮ್ಮ ಕಾಲದ ಜನಪದ, ಹೆಂಗಸರಿಗೆ ಕೊನೆಗೂ ಸಿಕ್ಕಿದ ಲೇಖನಿ ಎಂಬುದು ಇನ್ನೊಂದು. ಇವೆರಡನ್ನೂ ಹೇಳುವವರು ಹತ್ತು ಅಧ್ಯಾಯವಾದರೂ ಓದಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಆದಿ ಉಡುಪಿಯಿಂದ ಮಲ್ಪೆ ಕಡೆ ಹೋಗುವ ಸಿಟಿ ಬಸ್ಸಿನಲ್ಲಿ ಮೊಬೈಲು ಹಿಡಿದು ಕುಳಿತ ಹುಡುಗಿಯರು ಈ ವಿಮರ್ಶಕರಿಗಿಂತ ಹೆಚ್ಚು ಓದಿದ್ದಾರೆ. ಅವರಿಗೆ ಕೊಡಬೇಕಾದ ಗೌರವವೆಂದರೆ ಅವರು ಓದುವುದನ್ನು ಸಾಹಿತ್ಯವೆಂದೇ ಹಿಡಿದು ಜಗಳಕ್ಕಿಳಿಯುವುದು. ಬರೆಯುವವರಲ್ಲಿ ಹೆಚ್ಚಿನವರು ಅಡ್ಡಹೆಸರಿನ ಖಾಸಗಿ ಜನ. ಹಾಗಾಗಿ ಯಾರೊಬ್ಬರ ಕೃತಿಯ ಹೆಸರನ್ನೂ ಇಲ್ಲಿ ಎತ್ತುವುದಿಲ್ಲ.

ಮೂಲದ ಕಥೆ ಎಲ್ಲರಿಗೂ ಗೊತ್ತು. 1986ರ ಶ್ರೀದೇವಿಯ 'ನಗೀನಾ', 2015ರಲ್ಲಿ ಶುರುವಾದ ಏಕ್ತಾ ಕಪೂರ್ ಅವರ 'ನಾಗಿನ್', 2016ರಲ್ಲಿ ಜೀ ಕನ್ನಡಕ್ಕೆ ಬಂದ ದೀಪಿಕಾ ದಾಸ್, ದೀಕ್ಷಿತ್ ಶೆಟ್ಟಿ ಜೋಡಿಯ 'ನಾಗಿಣಿ', 2020ರ 'ನಾಗಿಣಿ 2'. ಇಚ್ಛಾಧಾರಿ ಹೆಣ್ಣು ಹಾವು ಸೇಡಿಗೆಂದು ಸೊಸೆಯಾಗಿ ಬರುತ್ತಾಳೆ, ಕೊನೆಗೆ ಗಂಡನನ್ನೇ ಪ್ರೀತಿಸುತ್ತಾಳೆ. ಹಿಂದಿಯ ಮೂರನೇ ಸೀಸನ್ನಿನ ಬೇಲಾ ಮತ್ತು ಮಾಹಿರ್ ಅವರನ್ನು ಅಭಿಮಾನಿಗಳು 'ಬೇಹಿರ್' ಎಂದು ಒಂದೇ ಹೆಸರಿನಲ್ಲಿ ಹೊಲಿದುಬಿಟ್ಟರು. ವಾಟ್‌ಪ್ಯಾಡ್, ಪ್ರತಿಲಿಪಿಗಳಲ್ಲಿ ಈ ಬಗೆಯ ಬರಹ ರಾಶಿಬಿದ್ದಿದೆ. ಸಂಪಾದಕನಿಲ್ಲ, ಮುದ್ರಕನಿಲ್ಲ. ಮಣಿಪಾಲದ 'ತರಂಗ'ದಲ್ಲಿ ಧಾರಾವಾಹಿ ಬರೆಯುತ್ತಿದ್ದವರಿಗೆ ಮೇಜಿನಾಚೆ ಕೆಂಪು ಶಾಯಿ ಹಿಡಿದ ಒಬ್ಬರಾದರೂ ಇರುತ್ತಿದ್ದರು. ಇಲ್ಲಿ ಅದೂ ಇಲ್ಲ.

ನನ್ನ ತಕರಾರು ಕದಿಯುವುದರ ಬಗ್ಗೆ ಅಲ್ಲ. ಕಾರ್ಕಳ ತಾಲೂಕಿನ ನಂದಳಿಕೆಯ ಮಗ, ಉಡುಪಿಯಲ್ಲಿ ವ್ಯಾಯಾಮ ಕಲಿಸುತ್ತಿದ್ದ ಮುದ್ದಣ ಮಾಡಿದ್ದೂ ಇದೇ ಕಸುಬು. ಹಳೆಯ ರಾಮಕಥೆಯನ್ನು ಎತ್ತಿಕೊಂಡ, ತನ್ನ ಹೆಸರನ್ನೂ ಮುಚ್ಚಿಟ್ಟ, 1901ರಲ್ಲಿ ಮೂವತ್ತೊಂದರ ಪ್ರಾಯಕ್ಕೇ ತೀರಿಕೊಂಡ. ಅವನ 'ರಾಮಾಶ್ವಮೇಧ'ದಲ್ಲಿ ಕಥೆಗಿಂತ ಹೆಚ್ಚು ಉಳಿದಿರುವುದು ಕಥೆಯನ್ನು ತಡೆದು ನಿಲ್ಲಿಸಿ ಕೇಳುವ ಮನೋರಮೆ. ಅಧ್ಯಾಯದ ಕೆಳಗೆ 'ಮುಂದಿನ ಭಾಗ ಬೇಗ ಹಾಕಿ' ಎಂದು ಬರೆಯುವ ಇಂದಿನ ಓದುಗಿಯ ಅಜ್ಜಿ ಅವಳು. ಒಂದೇ ವ್ಯತ್ಯಾಸ: ಮನೋರಮೆ ಗಂಡನ ಗದ್ಯವನ್ನೂ ಪದ್ಯವನ್ನೂ ಪರೀಕ್ಷೆಗೆ ಹಚ್ಚುತ್ತಾಳೆ, ರುಚಿಸದಿದ್ದರೆ ಮುಖಕ್ಕೇ ಹೇಳುತ್ತಾಳೆ. ಯಕ್ಷಗಾನದ ಮೇಳಗಳಂತೂ ಸಿನಿಮಾದಿಂದ ಎತ್ತಿಕೊಳ್ಳಲು ಎಂದೂ ನಾಚಿದ್ದಿಲ್ಲ. 'ಬಾಹುಬಲಿ' ಕೂಡ 'ವಜ್ರಮಾನಸಿ'ಯಾಗಿ ಗೆಜ್ಜೆ ಕಟ್ಟಿತು. ಎತ್ತಿಕೊಂಡದ್ದನ್ನು ಏನು ಮಾಡಿದಿರಿ ಎಂಬುದಷ್ಟೇ ಪ್ರಶ್ನೆ.

ಅದಕ್ಕೆ ಉತ್ತರ ಬೇಕಿದ್ದರೆ ಒಂದೇ ಒಂದು ಸನ್ನಿವೇಶವನ್ನು ಹಿಡಿದುಕೊಂಡರೆ ಸಾಕು: ಅವಳು ಹಾವಾಗುವ ಕ್ಷಣ. ಈ ಬರಹದ ಮೂಲಬಂಡವಾಳವೇ ಅದು. ಅದಿಲ್ಲದಿದ್ದರೆ ಉಳಿಯುವುದು ಮಾಮೂಲಿ ಅತ್ತೆ ಸೊಸೆ ಕಥೆ. ಟಿವಿಯಲ್ಲಿ ಆ ಕ್ಷಣಕ್ಕೆ ಕಟ್ಟಿಟ್ಟ ವಿಧಾನವಿದೆ. ಕಣ್ಣಿನ ಬಣ್ಣ ಬದಲಾಗುತ್ತದೆ, ಮುಖ ಹತ್ತಿರ ಬರುತ್ತದೆ, ಸಂಗೀತ ಏರುತ್ತದೆ, ಸೊಂಟದ ಕೆಳಗೆ ಗ್ರಾಫಿಕ್ಸ್ ಬಾಲ. ಅಗ್ಗದ ಗ್ರಾಫಿಕ್ಸ್ ಎಂದು ನಗಬಹುದು, ಆದರೆ ಅದು ಆ ಮಾಧ್ಯಮದ ದುಡಿಮೆ. ತೋರಿಸುವುದು ಅದರ ಧರ್ಮ. ಕಾದಂಬರಿಗೆ ಬಂದಾಗ ಏನಾಗುತ್ತದೆ? ಕಣ್ಣು ನೀಲಿಯಾಯಿತು, ಗಾಳಿ ಬೀಸಿತು, ಕೂದಲು ಹಾರಿತು, ಮಿಂಚು ಹೊಡೆಯಿತು, ಬಾಗಿಲ ಬಳಿ ನಿಂತವನ ಕೈಯಿಂದ ಲೋಟ ಬಿತ್ತು. ಅಲ್ಲಿಗೆ ಅಧ್ಯಾಯ ಮುಗಿಯಿತು. ನೋಡುತ್ತಿರುವುದು ಮನುಷ್ಯನಲ್ಲ, ಸ್ಟ್ಯಾಂಡಿನ ಮೇಲೆ ಕುಳಿತ ಕ್ಯಾಮೆರಾ. ಆ ಹೆಣ್ಣಿನ ಚರ್ಮದೊಳಗೆ ಏನಾಗುತ್ತಿದೆ ಎಂಬ ಒಂದು ವಾಕ್ಯವೂ ಸಿಗುವುದಿಲ್ಲ. ಪೊರೆ ಬಿಡುವಾಗ ಹಾವಿಗೆ ಕಣ್ಣು ಮಂಜಾಗುತ್ತದೆ. ಅವಳಿಗೆ ಆಗ ಗಂಡನ ಮುಖ ಹೇಗೆ ಕಾಣುತ್ತದೆ? ಹಾವು ನಾಲಗೆಯಿಂದ ವಾಸನೆ ಹಿಡಿಯುತ್ತದೆ. ಮದುವೆಮನೆಯ ಮಲ್ಲಿಗೆಯಲ್ಲಿ, ಅಡುಗೆಮನೆಯ ಒಗ್ಗರಣೆಯಲ್ಲಿ ಅವಳಿಗೆ ಸಿಗುವುದೇನು? ಕ್ಯಾಮೆರಾಕ್ಕೆ ಎಂದೂ ಸಿಗದ, ಗದ್ಯಕ್ಕೆ ಮಾತ್ರ ಸಿಗುವ ಜಾಗ ಇದು. ಅಲ್ಲಿಗೆ ಬಂದಾಗಲೇ ಈ ಲೇಖಕಿಯರು ಲೇಖನಿ ಕೆಳಗಿಟ್ಟು ರಿಮೋಟ್ ಎತ್ತಿಕೊಳ್ಳುತ್ತಾರೆ.

ಒಂದು ಅಧ್ಯಾಯ ಅವಳ ಬಾಯಲ್ಲಿ, ಮುಂದಿನದು ಅವನ ಬಾಯಲ್ಲಿ ಎಂದು ಬರೆಯುವ ಪದ್ಧತಿಯನ್ನು ಬಹಳ ಜನ ಹೊಗಳುತ್ತಾರೆ. ಹೊಗಳುವ ಮೊದಲು ಎರಡೂ ಬಾಯಿಗಳನ್ನು ಒಮ್ಮೆ ಅದಲುಬದಲು ಮಾಡಿ ಓದಲಿ. ಹಾವಿಗೂ ಮನುಷ್ಯನಿಗೂ ಒಂದೇ ಎದೆಬಡಿತ, ಒಂದೇ ಕಣ್ಣೀರು, ಒಂದೇ 'ಯಾಕೋ ಗೊತ್ತಿಲ್ಲ'. 'ನಾನು' ಎಂದ ಮಾತ್ರಕ್ಕೆ ಒಳಗು ತೆರೆದುಕೊಳ್ಳುವುದಿಲ್ಲ.

ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು ಇವುಗಳ ಪಕ್ಕದಲ್ಲಿಟ್ಟರೆ ಅನ್ಯಾಯ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದೂ ಹಾವಿನ ಪ್ರೇಮಕಥೆ, ಅದೂ ಎರವಲು: ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಬಂದದ್ದು. ಅಲ್ಲಿ ನಾಗ ಬಚ್ಚಲ ತೂಬಿನಿಂದ ಒಳಗೆ ಬಂದು ಗಂಡನ ರೂಪ ತಾಳುತ್ತಾನೆ. ರಂಗದ ಮೇಲೆ ಗ್ರಾಫಿಕ್ಸ್ ಅಸಾಧ್ಯ, ಆದ್ದರಿಂದ ಕಾರ್ನಾಡರು ಇಡೀ ಭಾರವನ್ನು ನಾಯಕಿ ರಾಣಿಯ ಬೆರಳ ಮೇಲೆ ಹಾಕುತ್ತಾರೆ. ಅವನ ಮೈ ತಣ್ಣಗಿದೆ ಎಂದು ಅವಳಿಗೆ ಗೊತ್ತಾಗುತ್ತದೆ. ಕನ್ನಡಿಯಲ್ಲಿ ಕಂಡದ್ದನ್ನು ನಂಬಲೋ ಬಿಡಲೋ ತಿಳಿಯುವುದಿಲ್ಲ. ರಾತ್ರಿಯ ಗಂಡನೂ ಹಗಲಿನ ಗಂಡನೂ ಒಬ್ಬನೇ ಅಲ್ಲ ಎಂಬ ಗುಮಾನಿಯನ್ನು ಕೇಳದೆ ನುಂಗಿಕೊಳ್ಳುತ್ತಾಳೆ. ಆ ನುಂಗಿಕೊಳ್ಳುವುದರಲ್ಲಿದೆ ನಾಟಕ. ಅಭಿಮಾನಿ ಕಾದಂಬರಿಯ ಗಂಡನೋ ಹೆಂಡತಿಯ ಪಕ್ಕದಲ್ಲೇ ನೂರಾರು ಪುಟ ಮಲಗಿ ಎದ್ದರೂ ಅವಳ ಕೈ ತಣ್ಣಗಿದೆಯೋ ಬಿಸಿಯಿದೆಯೋ ಎಂದು ಒಮ್ಮೆಯೂ ಯೋಚಿಸುವುದಿಲ್ಲ.

ನಮ್ಮ ಉಡುಪಿ ಜಿಲ್ಲೆಯಲ್ಲಿ ಕುಳಿತು ಇದನ್ನು ಓದುವವನಿಗೆ ಸಿಟ್ಟು ಇನ್ನೂ ಸ್ವಲ್ಪ ಹೆಚ್ಚು. ನಾಗ ಇಲ್ಲಿ ಕಥೆಯ ಪ್ರಾಣಿಯಲ್ಲ, ಕುಟುಂಬದ ಲೆಕ್ಕದಲ್ಲಿರುವವ. ಮುಂಬಯಿಯಲ್ಲಿ ಹೋಟೆಲು ನಡೆಸುವವನೂ ನಾಗರ ಪಂಚಮಿಗೆ ಮೂಲ ನಾಗಬನ ಹುಡುಕಿಕೊಂಡು ಬಂದು ತನು ಎರೆಯುತ್ತಾನೆ. ಕಾಪು ತಾಲೂಕಿನ ಪಡುಬಿದ್ರಿಯಲ್ಲಿ ಎರಡು ವರ್ಷಕ್ಕೊಮ್ಮೆ ಢಕ್ಕೆಬಲಿ ನಡೆಯುತ್ತದೆ. ಇಲ್ಲಿಯ ನಾಗಮಂಡಲ ಸೇವೆಯಲ್ಲಿ ಅರಸಿನ, ಸುಣ್ಣ, ಸುಟ್ಟ ಉಮಿ, ಎಲೆಯ ಹುಡಿಗಳ ಐದು ಬಣ್ಣದ ಸುತ್ತಿನ ಮೇಲೆ ಹಿಂಗಾರ ಹಿಡಿದ ಪಾತ್ರಿಯೂ ನಾಗಕನ್ನಿಕೆಯ ವೇಷದ ವೈದ್ಯರೂ ಇರುಳಿಡೀ ಕುಣಿಯುತ್ತಾರೆ. ಬಾಲವಿಲ್ಲ, ನೀಲಿ ಕಣ್ಣಿಲ್ಲ. ಢಕ್ಕೆಯ ಪೆಟ್ಟು ಬದಲಾಗುವಾಗ ಮೈ ಬಳುಕುವ ರೀತಿ ಬದಲಾಗುತ್ತದೆ, ಅಷ್ಟೇ. ಅಷ್ಟಕ್ಕೇ ಸುತ್ತ ನಿಂತ ಜನ ಕೈ ಮುಗಿಯುತ್ತಾರೆ. ಇಲ್ಲಿಯ ಒಂದು ಮನೆಗೆ ಇಚ್ಛಾಧಾರಿ ಸೊಸೆಯಾಗಿ ಬಂದಳೆಂದು ಇಟ್ಟುಕೊಳ್ಳಿ. ಪಂಚಮಿಯ ಬೆಳಿಗ್ಗೆ ಅರಸಿನ ಎಲೆಯ ಕಡುಬು ಬೇಯುತ್ತಿದೆ, ಅತ್ತೆ ಅವಳ ಕೈಗೇ ಹಾಲಿನ ತಂಬಿಗೆ ಕೊಟ್ಟು 'ನೀನೂ ಎರೆ ಮಗಾ' ಎನ್ನುತ್ತಾಳೆ. ತನ್ನದೇ ಕುಲದ ಕಲ್ಲಿನ ಮೇಲೆ, ಬೇರೆಯವರ ಸೊಸೆಯಾಗಿ ನಿಂತು ಹಾಲು ಎರೆಯುವಾಗ ಆ ಹೆಣ್ಣಿಗೆ ಏನಾಗುತ್ತದೆ? ನಗು ಬರಬಹುದು, ನಾಚಿಕೆಯಾಗಬಹುದು, ವಾಂತಿಯೂ ಬರಬಹುದು. ಒಂದು ಒಳ್ಳೆಯ ಕಾದಂಬರಿಗೆ ಈ ಒಂದೇ ಬೆಳಿಗ್ಗೆ ಸಾಕು. ನಾನು ಓದಿದ ಯಾವುದರಲ್ಲೂ ಅದಿಲ್ಲ. ಅವುಗಳಲ್ಲಿರುವುದು ಊರಿಲ್ಲದ ಒಂದು ಶಿವಾಲಯ, ಜಾತಿಯಿಲ್ಲದ ಒಂದು ಬಂಗಲೆ, ಒಂದು ನಾಗಮಣಿ.

ಇನ್ನು ಹೊಗಳುಭಟರ ಸರದಿ. ಇವರು ಮಾತೆತ್ತಿದರೆ ರಾಮಾನುಜನ್ ಅವರ ಮುನ್ನೂರು ರಾಮಾಯಣಗಳ ಪ್ರಬಂಧ ಹಿಡಿಯುತ್ತಾರೆ. ಪ್ರತಿ ಕಥನವೂ ಸ್ವತಂತ್ರ, ಮೂಲ ಎಂಬುದೇ ಇಲ್ಲ, ಆದ್ದರಿಂದ ಅಭಿಮಾನಿ ಕಾದಂಬರಿಯೂ ಒಂದು ರಾಮಾಯಣ. ದೆಹಲಿ ವಿಶ್ವವಿದ್ಯಾಲಯ 2011ರಲ್ಲಿ ಆ ಪ್ರಬಂಧವನ್ನು ಪಠ್ಯದಿಂದ ಕೈಬಿಟ್ಟಾಗ ಅದರ ಪರ ನಿಂತ ನಾವೇ ಈಗ ಅದನ್ನು ಇಷ್ಟು ಸಡಿಲವಾಗಿ ಬಳಸಬೇಕೆ? ಕಂಬ ಎಲ್ಲಿ ವಾಲ್ಮೀಕಿಯಿಂದ ಬೇರೆಯಾದ ಎಂದು ರಾಮಾನುಜನ್ ಅಹಲ್ಯೆಯ ಒಂದೊಂದು ವಿವರ ಹಿಡಿದು ತೋರಿಸಿದ್ದರು, ಜೈನರು ರಾವಣನನ್ನು ಏನು ಮಾಡಿದರು ಎಂಬುದನ್ನೂ ತೋರಿಸಿದ್ದರು. ಅವರು ಬರೆದದ್ದು ಬೇರೆಯಾಗುವ ಕಥನಗಳ ಬಗ್ಗೆ, ಬೇರೆಯಾಗಲು ಹೆದರುವವುಗಳ ಬಗ್ಗೆ ಅಲ್ಲ. ತಾಳಮದ್ದಳೆಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಬಾಣ ಬಿದ್ದ ಮೇಲೆ ರಾಮನಿಗೆ ಕೇಳುತ್ತಿದ್ದ ಪ್ರಶ್ನೆಗಳು ಪ್ರಸಂಗದ ಪದ್ಯದಲ್ಲಿ ಇರಲಿಲ್ಲ. ಪದ್ಯ ಬಿಟ್ಟ ಸಂದಿಯಲ್ಲಿ ಅವರು ತಮ್ಮ ವಾಲಿಯನ್ನು ಕಟ್ಟಿದರು, ಎದುರಿನ ರಾಮನನ್ನು ನಿಜವಾಗಿಯೂ ಇಕ್ಕಟ್ಟಿಗೆ ತಂದರು. ಅಭಿಮಾನ ಅವರಿಗೂ ಇತ್ತು, ಆಜ್ಞಾಧಾರಕತೆ ಇರಲಿಲ್ಲ.

ನ್ಯಾಯಕ್ಕೆ ಒಂದು ಮಾತು ಸೇರಿಸಬೇಕು. ಈ ಬರಹಗಳಲ್ಲಿ ಅಡುಗೆಮನೆಯ ಮಾತುಕತೆ ಚೆನ್ನಾಗಿರುತ್ತದೆ, ಅತ್ತೆಯ ಮಾತಿನ ಮೊನೆ ಟಿವಿಗಿಂತ ಹರಿತ. ಬರೆಯುವ ಕೈಗಳು ದಡ್ಡ ಕೈಗಳಲ್ಲ. ಹೆಂಗಸರು ಬರೆಯುತ್ತಿದ್ದಾರೆ ಎಂಬ ಕಾರಣಕ್ಕೇ ಇವನ್ನು ಕೈಬಿಡುವವರೂ ಅದೇ ಕಾರಣಕ್ಕೆ ಬೆನ್ನು ತಟ್ಟುವವರೂ ಮಾಡುತ್ತಿರುವ ಅವಮಾನ ಒಂದೇ: ಇಬ್ಬರೂ ವಾಕ್ಯದವರೆಗೆ ಬರುವುದಿಲ್ಲ. ಮನೋರಮೆ ಬರುತ್ತಿದ್ದಳು, ಬಂದು, ಆ ನೀಲಿ ಕಣ್ಣಿನ ಅಧ್ಯಾಯವನ್ನು ತಿರುಗಿ ಬರೆಯಿಸುತ್ತಿದ್ದಳು.